ಕೂವೆಮರವನ್ನು ನಿಲ್ಲಿಸುವ ತಂತಿಗಳು: ಒಂದು ಅಧ್ಯಯನ ಟಿಪ್ಪಣಿ

ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಹಾಯಿದೋಣಿ ನಡೆಸಲು ಮೈಸೂರಿನಿಂದ ಬಂದು ಕಲಿಯುತ್ತಿರುವ ಜೊತೆಗಾರರಿಗಾಗಿ ಇದನ್ನು ಬರೆದಿದ್ದೇನೆ. ಗುಣಿ ತೋಡಿ ನೆಟ್ಟ ಕಂಬವು ನೆಲದ ಬಿಗಿತದಿಂದ ನಿಲ್ಲುತ್ತದೆ. ದೋಣಿಯಲ್ಲಿ ಹಾಯಿಯನ್ನು ಹೊರುವ ಕಂಬವಾದ ಕೂವೆಮರಕ್ಕೆ ಅಂಥ ನೆಲವಿಲ್ಲ. ಅದರ ಸ್ಥಿತಿ ಶಾಮಿಯಾನದ ಕಂಬದ್ದು: ಬುಡ ಒಂದೆಡೆ ಕೂತಿರುತ್ತದೆ, ನಿಲ್ಲಿಸುವ ಕೆಲಸವನ್ನೆಲ್ಲ ಸುತ್ತ ಎಳೆದು ಕಟ್ಟಿದ ಹಗ್ಗಗಳು ಮಾಡುತ್ತವೆ. ಲೇಸರ್, ಆಪ್ಟಿಮಿಸ್ಟ್‌ಗಳಂಥ ಪುಟ್ಟ ದೋಣಿಗಳಲ್ಲಾದರೋ ಮರವು ತಂತಿಯ ಆಸರೆಯಿಲ್ಲದೆ ತನ್ನ ಕುಳಿಯಲ್ಲೇ ನಿಲ್ಲುತ್ತದೆ.

ದೋಣಿಯ ಮೂತಿಯಿಂದ ಮರದ ಮೇಲಕ್ಕೆ ಹೋಗುವ ತಂತಿ ಫೋರ್‌ಸ್ಟೇ. ಎರಡು ಪಕ್ಕಗಳವು ಶ್ರೌಡ್‌ಗಳು. ದೊಡ್ಡ ದೋಣಿಗಳಲ್ಲಿ ಹಿಂಬದಿಯಿಂದ ಬ್ಯಾಕ್‌ಸ್ಟೇ ಕೂಡ ಇರುತ್ತದೆ. ಡಿಂಗಿ ಎಂಬ ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ ಬ್ಯಾಕ್‌ಸ್ಟೇ ಇರುವುದಿಲ್ಲ. ಅದರ ಬದಲು ಶ್ರೌಡ್‌ಗಳನ್ನು ಕಚ್ಚಿಸುವ ಚೈನ್‌ಪ್ಲೇಟ್‌ಗಳನ್ನು ಮರದ ಬುಡಕ್ಕಿಂತ ತುಸು ಹಿಂದೆ ಇಟ್ಟಿರುವುದರಿಂದ, ಆ ಎರಡೇ ತಂತಿಗಳು ಪಕ್ಕಕ್ಕೂ ಹಿಂದಕ್ಕೂ ಒಟ್ಟಿಗೆ ಹಿಡಿಯುತ್ತವೆ.

ಇನ್ನು ನಿಧಾನವಾಗಿ ಓದಬೇಕಾದ ಭಾಗ. ತಂತಿಯು ಮರವನ್ನು ಪಕ್ಕಕ್ಕೆ ಹಿಡಿಯುವುದರ ಜೊತೆಗೆ ಕೆಳಕ್ಕೂ ಒತ್ತುತ್ತದೆ. ಗಾಳಿಯಿಂದ ಮರದ ತುದಿಗೆ 100 ಕಿಲೋ ಅಡ್ಡ ಎಳೆತ ಬಿತ್ತೆಂದುಕೊಳ್ಳಿ. ಶ್ರೌಡ್ ಮತ್ತು ಮರದ ನಡುವಿನ ಕೋನ 20 ಡಿಗ್ರಿಯಿದ್ದರೆ ಗಾಳಿ ಬರುವ ಕಡೆಯ ತಂತಿಯಲ್ಲಿ ಸುಮಾರು 292 ಕಿಲೋ ಬಿಗಿತ ಹುಟ್ಟುತ್ತದೆ. 10 ಡಿಗ್ರಿಯಾದರೆ 576, ಬರಿಯ 5 ಡಿಗ್ರಿಯಾದರೆ 1,147. ಈ ಬಿಗಿತದ ಬಹುಪಾಲು ಮರದೊಳಗೆ ಕೆಳಮುಖವಾಗಿ ಇಳಿಯುತ್ತದೆ. ಹಾಗಾಗಿ ತಂತಿಯನ್ನು ಎಷ್ಟು ಬಿಗಿದರೆ ಅಷ್ಟು ಕ್ಷೇಮವೆಂದು ನಾನು ಮೊದಲು ನಂಬಿದ್ದು ತಪ್ಪು: ಅತಿಯಾಗಿ ಬಿಗಿದ ತಂತಿ ಮರವನ್ನೇ ಬಳುಕಿಸಬಲ್ಲದು.

ಬಳುಕುವುದೆಂದರೇನೆಂದು ಮನೆಯಲ್ಲೇ ನೋಡಬಹುದು. ಪೊರಕೆಯಿಂದ ಒಂದು ಉದ್ದನೆಯ ತೆಂಗಿನ ಕಡ್ಡಿ ತೆಗೆದು, ನೆಲಕ್ಕೆ ನೇರವಾಗಿ ನಿಲ್ಲಿಸಿ ಮೇಲಿಂದ ಬೆರಳಿನಲ್ಲಿ ಒತ್ತಿ; ಕೂಡಲೇ ಬಿಲ್ಲಾಗುತ್ತದೆ. ಅದನ್ನೇ ಅರ್ಧಕ್ಕೆ ಮುರಿದು ಒತ್ತಿದರೆ ಬಹಳ ಹೆಚ್ಚು ತಡೆದುಕೊಳ್ಳುತ್ತದೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದಪ್ಪ ಒಂದೇ ಆಗಿರುವಾಗ ಆಸರೆಗಳ ನಡುವಿನ ಉದ್ದ ಅರ್ಧವಾದರೆ ತಡೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮರದ ನಡುಭಾಗಕ್ಕೆ ಬರುವ ಕೆಳ ಶ್ರೌಡ್‌ಗಳು ಮಾಡುವುದು ಇದನ್ನೇ. ಸ್ಪ್ರೆಡರ್ ಎಂಬ ಅಡ್ಡಕೋಲು ಮೇಲಿನ ಶ್ರೌಡನ್ನು ಹೊರಕ್ಕೆ ತಳ್ಳಿ, ಮರದ ತುದಿಯಲ್ಲಿನ ಕೋನವನ್ನು ಹಿಗ್ಗಿಸುತ್ತದೆ. ಅಡ್ಡಕೋಲಿನ ಹೊರತುದಿ ತುಸು ಮೇಲಕ್ಕೆ ಓರೆಯಾಗಿರಬೇಕು, ತಂತಿಯು ಅದರ ಮೇಲೂ ಕೆಳಗೂ ಒಂದೇ ಅಳತೆಯ ಕೋನದಲ್ಲಿ ಹಾಯಬೇಕು. ಇಲ್ಲದಿದ್ದರೆ ಬಿಗಿತ ಬಂದಾಗ ಸ್ಪ್ರೆಡರ್ ಜಾರುತ್ತದೆ.

ಹೊಂದಿಸುವಾಗ, ಹಾಯಿ ಏರಿಸುವ ಹಗ್ಗದ ತುದಿಗೆ ಅಳತೆ ಟೇಪು ಕಟ್ಟಿ ಮೇಲೆಳೆದು, ಎರಡೂ ಚೈನ್‌ಪ್ಲೇಟ್‌ಗಳಿಗೆ ದೂರ ಒಂದೇ ಬರುವಂತೆ ಮಾಡಬೇಕು. ಆಮೇಲೆ ತಂತಿಯನ್ನು ಬಿಗಿಯುವ ತಿರುಪುಗಳಾದ ಎರಡು ಪಕ್ಕದ ಟರ್ನ್‌ಬಕಲ್‌ಗಳನ್ನೂ ಸಮನಾದ ಸುತ್ತುಗಳಲ್ಲಿ ತಿರುಗಿಸಬೇಕು. ನೀರಿನಲ್ಲಿ ದೋಣಿ ವಾಲಿದಾಗ ಗಾಳಿಯ ಮರೆಯಲ್ಲಿರುವ ಶ್ರೌಡ್ ತುಸು ಸಡಿಲವಾಗುವುದು ಸಹಜ. ಜೋತಾಡಿದರೆ ಮಾತ್ರ ಇನ್ನಷ್ಟು ಬಿಗಿಯಬೇಕು. ಆಗ ಮರದ ಬುಡದಲ್ಲಿ ಕುಳಿತು ಹಾಯಿ ಕೂರುವ ಸೀಳಿನುದ್ದಕ್ಕೂ ಮೇಲೆ ಕಣ್ಣು ಹಾಯಿಸಿದರೆ, ಮರ ಪಕ್ಕಕ್ಕೆ ಬಾಗಿದ್ದರೆ ಸ್ಪಷ್ಟವಾಗಿ ಕಾಣುತ್ತದೆ.

ಹೊಂದಿಸಿದ ಮೇಲೆ ಟರ್ನ್‌ಬಕಲ್‌ನ ತೂತಿಗೆ ಸ್ಪ್ಲಿಟ್ ಪಿನ್ ಹಾಕಿ ಕಾಲುಗಳನ್ನು ಅಗಲಿಸುವುದನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಅಲುಗಾಟಕ್ಕೆ ತಿರುಪು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು, ವಿಶೇಷವಾಗಿ ಅದು ಲೋಹದ ಕೊಳವೆಯೊಳಗೆ ಹೋಗುವ ಜಾಗವನ್ನು, ಹತ್ತಿಬಟ್ಟೆಯಿಂದ ಒರೆಸಿರಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಒಂದು ಎಳೆ ತುಂಡಾಗಿದೆಯೆಂದೇ ತಿಳಿದು, ಆ ತಂತಿ ಬದಲಾಗುವವರೆಗೆ ಹಾಯಿ ಏರಿಸಬೇಡಿ.