ಒಂದೇ ಅಂಡಾಣುವಿಗೆ ಎರಡು ವೀರ್ಯಾಣು ಹೊಕ್ಕರೆ ಅವಳಿ ಹುಟ್ಟುತ್ತವೆಯೇ?

ಪ್ರಶ್ನೆ: ಕೋಟಿಗಟ್ಟಲೆ ವೀರ್ಯಾಣುಗಳಿದ್ದರೂ ಅಂಡಾಣುವಿನೊಳಗೆ ಒಂದೇ ಹೋಗುವುದು ಏಕೆ? ಅಕಸ್ಮಾತ್ ಎರಡು ಹೊಕ್ಕರೆ ಅವಳಿ ಮಕ್ಕಳಾಗುತ್ತವೆಯೇ?

ಉತ್ತರ: ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಲ್ಲ. ಅವಳಿ ಹುಟ್ಟುವ ದಾರಿಯೇ ಬೇರೆ. ಎರಡು ಅಂಡಾಣುಗಳಿಗೆ ಎರಡು ವೀರ್ಯಾಣುಗಳು ಬೇರೆಬೇರೆಯಾಗಿ ಸೇರಿದರೆ ಸಾಮಾನ್ಯ ಅವಳಿ. ಒಂದಕ್ಕೆ ಒಂದೇ ಸೇರಿ, ಆ ಭ್ರೂಣ ಆಮೇಲೆ ಇಬ್ಭಾಗವಾದರೆ ತದ್ರೂಪಿ ಅವಳಿ. ಒಂದೇ ಅಂಡಾಣುವಿಗೆ ಎರಡು ಹೊಕ್ಕ ಭ್ರೂಣ ಸಾಮಾನ್ಯವಾಗಿ ಬದುಕುವುದೇ ಇಲ್ಲ.

‘ಮೊದಲು ಓಡಿ ಬಂದವನೇ ಗೆಲ್ಲುತ್ತಾನೆ’ ಎಂದು ಹೇಳಿಕೊಡುವ ಪಾಠವನ್ನು ಮರೆತರೆ ಒಳ್ಳೆಯದು. ಹೊರಟ ಕೋಟ್ಯಂತರದಲ್ಲಿ ಅಂಡನಾಳದ ಅಂಡಾಣುವಿರುವ ಭಾಗ ತಲುಪುವುದು ಕೆಲವು ನೂರು ಮಾತ್ರ. ಬಂದ ಕೂಡಲೇ ಅವಕ್ಕೂ ಒಳಹೋಗುವ ಶಕ್ತಿ ಇರುವುದಿಲ್ಲ. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದು, ತಲೆಯ ಹೊರಪೊರೆ ಬದಲಾದ ಮೇಲೆಯೇ ವೀರ್ಯಾಣು ಸಿದ್ಧವಾಗುತ್ತದೆ. ಅದು ಐದು ದಿನದವರೆಗೂ ಬದುಕಿರಬಲ್ಲದು; ಅಂಡಾಣುವಿನ ಆಯಸ್ಸು ಹೆಚ್ಚೆಂದರೆ 24 ಗಂಟೆ. ಹಾಗಾಗಿ ಮುಂಚೆ ಬಂದು ಕಾದಿದ್ದಕ್ಕೇ ಅವಕಾಶ ಸಿಗುವುದೂ ಉಂಟು.

ಅಂಡಾಣುವಿನ ಅಗಲ ಸುಮಾರು 0.1 ಮಿಲಿಮೀಟರ್. ಅದರ ಸುತ್ತ ಝೋನಾ ಪೆಲ್ಲುಸಿಡಾ ಎಂಬ ದಪ್ಪನೆಯ ಪ್ರೋಟೀನ್ ಪದರ. ವೀರ್ಯಾಣು ಈ ಪದರಕ್ಕೆ ಅಂಟಿ, ಬಾಲದ ಬಲದಿಂದ ನುಗ್ಗಿ, ಒಳಗಿನ ಜೀವಕೋಶದ ಪೊರೆಯನ್ನು ಮುಟ್ಟುತ್ತದೆ. ಅಲ್ಲಿ ವೀರ್ಯಾಣುವಿನ ‘ಇಝುಮೋ’ ಪ್ರೋಟೀನ್ ಅಂಡಾಣುವಿನ ‘ಜೂನೋ’ ಪ್ರೋಟೀನನ್ನು ಹಿಡಿಯಬೇಕು. ಈ ಜೋಡಿ ಪತ್ತೆಯಾದದ್ದು 2014ರಲ್ಲಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಪೊರೆಗಳು ಕೂಡಿಕೊಳ್ಳುವುದಿಲ್ಲ.

ಕೂಡಿಕೊಂಡ ಮೇಲೆ ನಡೆಯುವುದೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ವೀರ್ಯಾಣು ತಂದ ಒಂದು ಕಿಣ್ವದಿಂದಾಗಿ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಅಲೆಅಲೆಯಾಗಿ ಏರುತ್ತದೆ. ಪೊರೆಯ ಅಡಿಯಲ್ಲೇ ಕಾದಿದ್ದ ಸಾವಿರಾರು ಸಣ್ಣ ಚೀಲಗಳು ಒಡೆದು, ಅವುಗಳಲ್ಲಿನ ಕಿಣ್ವ ಹೊರಗಿನ ಪದರದ ಪ್ರೋಟೀನನ್ನು ಕತ್ತರಿಸುತ್ತದೆ. ಹೊಸ ವೀರ್ಯಾಣುವಿಗೆ ಅಂಟಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಜೊತೆಗೆ ಪೊರೆಯ ಮೇಲಿನ ಜೂನೋ ಕೂಡ ಕಳಚಿಹೋಗುತ್ತದೆ. ಇಲಿಗಳಲ್ಲಿ ಇದಕ್ಕೆ ಹಿಡಿಯುವ ಸಮಯ ಸುಮಾರು 40 ನಿಮಿಷ. ಮೈಯೆಲ್ಲ ಮುಳ್ಳಿರುವ ಕಡಲ ಜೀವಿ ಅರ್ಚಿನ್‌ಗಳು ಇನ್ನೂ ಚುರುಕು: ಮೊದಲ ವೀರ್ಯಾಣು ಸೇರಿದ ಕೆಲವೇ ಸೆಕೆಂಡುಗಳಲ್ಲಿ ಅಂಡಾಣುವಿನ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಉಳಿದವು ಹೊರಗೇ ನಿಲ್ಲುತ್ತವೆ.

ಈ ತಡೆ ಬೀಳುವ ಮುನ್ನವೇ ಎರಡು ಒಟ್ಟಿಗೆ ಹೊಕ್ಕರೆ ವರ್ಣತಂತುಗಳು 46 ಆಗುವ ಬದಲು 69 ಆಗುತ್ತವೆ. ಅದಕ್ಕಿಂತ ದೊಡ್ಡ ತೊಡಕು ಸೆಂಟ್ರಿಯೋಲ್‌ನದು. ಜೀವಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಏರ್ಪಾಡು ಹೊರಡುವುದು ವೀರ್ಯಾಣು ತಂದ ಸೆಂಟ್ರಿಯೋಲ್‌ನಿಂದ. ಎರಡು ವೀರ್ಯಾಣು ಬಂದರೆ ಎಳೆತ ಮೂರು, ನಾಲ್ಕು ದಿಕ್ಕಿಗೆ ಹೋಗಿ ವರ್ಣತಂತುಗಳು ಅಡ್ಡಾದಿಡ್ಡಿ ಹಂಚಿಕೆಯಾಗುತ್ತವೆ. ಭ್ರೂಣ ಬೇಗನೆ ನಿಂತುಹೋಗುತ್ತದೆ, ಇಲ್ಲವೇ ಗರ್ಭಪಾತವಾಗುತ್ತದೆ; ಕೆಲವೊಮ್ಮೆ ‘ಭಾಗಶಃ ಮೋಲಾರ್ ಗರ್ಭ’, ಅಂದರೆ ಹೊಕ್ಕುಳಚೀಲ (ಪ್ಲಾಸೆಂಟಾ) ಅಸಹಜವಾಗಿ ಬೆಳೆಯುವ ಗರ್ಭ, ಆಗುತ್ತದೆ.

ಎಲ್ಲ ಜೀವಿಗಳಿಗೂ ಇದೇ ಕಟ್ಟಳೆಯಲ್ಲ. ಹಕ್ಕಿಗಳ ಅಂಡಾಣುವಿಗೆ ಹಲವು ವೀರ್ಯಾಣುಗಳು ಹೋಗುವುದೇ ಸಹಜ, ಕೂಡುವುದು ಮಾತ್ರ ಒಂದು. ಹೂ ಬಿಡುವ ಗಿಡಗಳಲ್ಲಂತೂ ಒಂದು ಪರಾಗನಾಳ ಎರಡು ಗಂಡುಕೋಶಗಳನ್ನು ಬೇಕೆಂದೇ ತರುತ್ತದೆ: ಒಂದು ಭ್ರೂಣಕ್ಕೆ, ಇನ್ನೊಂದು ಆ ಭ್ರೂಣವನ್ನು ಪೋಷಿಸುವ ಬೀಜದ ತಿರುಳಿಗೆ.

ಐವಿಎಫ್ (ದೇಹದ ಹೊರಗೆ ಫಲೀಕರಣ) ಮಾಡಿಸಿಕೊಳ್ಳುವವರ ವರದಿಯಲ್ಲಿ ‘2ಪಿಎನ್’, ‘3ಪಿಎನ್’ ಎಂದು ಬರೆದಿರುತ್ತದೆ; ಪಿಎನ್ ಎಂದರೆ ಪ್ರೊನ್ಯೂಕ್ಲಿಯಸ್, ಅಂಕಿ ಅವು ಎಷ್ಟು ಕಂಡವು ಎಂಬುದು. ಫಲೀಕರಣಕ್ಕಿಟ್ಟ 16ರಿಂದ 18 ಗಂಟೆಯ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಎರಡು ದುಂಡನೆಯ ನ್ಯೂಕ್ಲಿಯಸ್ ಕಂಡರೆ ಸರಿ: ಒಂದು ತಾಯಿಯದು, ಒಂದು ತಂದೆಯದು. ಮೂರು ಕಂಡರೆ ಸಾಮಾನ್ಯವಾಗಿ ಆ ಭ್ರೂಣವನ್ನು ಗರ್ಭಕ್ಕೆ ಸೇರಿಸುವುದಿಲ್ಲ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಒಳಗಿಡುವ ಇಕ್ಸಿ ವಿಧಾನದಲ್ಲೂ ಮೂರು ಕಾಣಿಸಿಕೊಳ್ಳಬಹುದು. ಆಗ ಆ ಹೆಚ್ಚುವರಿ ಮೂರನೆಯದು ಬಹುತೇಕ ತಾಯಿಯದೇ: ಅಂಡಾಣು ಹೊರಹಾಕಬೇಕಿದ್ದ ಅರ್ಧ ಪಾಲು ವರ್ಣತಂತುಗಳು ಒಳಗೇ ಉಳಿದಿರುತ್ತವೆ.