ಲಾಂಗ್ ಎಕ್ಸ್‌ಪೋಶರ್ ಅಂದ್ರೆ ಎಷ್ಟು ಹೊತ್ತು?

ಮೊನ್ನೆ ಇಂಥದ್ದೇ ಇನ್ನೊಂದು ಫೋಟೋ ಕಣ್ಣಿಗೆ ಬಿತ್ತು. ದಾವಣಗೆರೆ ಗಾಜಿನ ಮನೆ, ರಾತ್ರಿ, ಬಣ್ಣದ ದೀಪ. ಮುಂದೆ ಒಂದು ಮಗು ಓಡ್ತಾ ಇದೆ. ಒಂದು ಕಾಲು ಗಾಳಿಯಲ್ಲೇ ನಿಂತಿದೆ, ಚಪ್ಪಲಿಯ ಪಟ್ಟಿ ಕೂಡ ನಿಚ್ಚಳ. ಕೆಳಗೆ ಬರೆದಿದ್ದಾರೆ: ‘ಲಾಂಗ್ ಎಕ್ಸ್‌ಪೋಶರ್’. ಅಂದರೆ, ಕ್ಯಾಮೆರಾ ತುಂಬ ಹೊತ್ತು ಕಣ್ಣು ತೆರೆದಿಟ್ಟು ತೆಗೆದದ್ದು. ಹೇಗೆ ಸ್ವಾಮಿ? ನಿಜಕ್ಕೂ ಹಾಗಿದ್ದರೆ ಆ ಮಗು ಹೊಗೆಯ ಹಾಗೆ ಕಾಣಬೇಕಿತ್ತು, ಇಲ್ಲಾ ಕಾಣಲೇಬಾರದಿತ್ತು.

ಎಕ್ಸ್‌ಪೋಶರ್ ಪದದ ಬೇರು ಲ್ಯಾಟಿನ್ನಿನಲ್ಲಿದೆ. ‘ಎಕ್ಸ್’ ಅಂದರೆ ಹೊರಗೆ, ‘ಪೊನೆರೆ’ ಅಂದರೆ ಇಡುವುದು. ಹೊರಗಿಡುವುದು, ಅಷ್ಟೇ. ಮಾಳಿಗೆ ಮೇಲೆ ಸಂಡಿಗೆ ಇಡ್ತೀವಲ್ಲ, ಹಾಗೆ. ನಮ್ಮಲ್ಲಿ ಇದಕ್ಕೆ ಇನ್ನೂ ಚೆಂದದ ಪದ ಇದೆ: ಒಡ್ಡು. ಬಿಸಿಲಿಗೆ ಮೈ ಒಡ್ಡುತ್ತೇವೆ, ನಲ್ಲಿಗೆ ಬೊಗಸೆ ಒಡ್ಡುತ್ತೇವೆ, ಮೀನಿಗೆ ಬಲೆ ಒಡ್ಡುತ್ತೇವೆ. ಹರಿಯುವ ನೀರಿಗೆ ಅಡ್ಡ ಕಟ್ಟಿದ್ದೂ ಒಡ್ಡೇ. ಕ್ಯಾಮೆರಾದೊಳಗಿನ ಸೆನ್ಸರ್ ಬೆಳಕಿಗೆ ಬೊಗಸೆ ಒಡ್ಡುತ್ತದೆ. ಎಷ್ಟು ಹೊತ್ತು ಒಡ್ಡಿತ್ತು ಅನ್ನುವ ಲೆಕ್ಕವೇ ‘ಲಾಂಗ್’. (‘ಹುಡುಗನಿಗೆ ಎಕ್ಸ್‌ಪೋಶರ್ ಸಾಲದು’ ಅಂತಾರಲ್ಲ, ಅದೂ ಇದೇ ಬೇರಿನದು. ಬಿಡಿ.)

ಈಗ ನನ್ನ ತಲೆ ತಿನ್ನುವ ವಿಷಯ. ಮುಖ ಬೆಳ್ಳಗೆ ಸುಟ್ಟ ಹಾಗೆ ಬಂದರೆ ‘ಲಾಂಗ್ ಎಕ್ಸ್‌ಪೋಶರ್ ಆಗ್ಬಿಟ್ಟಿದೆ’ ಅನ್ನುತ್ತಾರೆ. ಮದುವೆ ಫೋಟೋ ತೆಗೆಯುವವರ ಬಾಯಲ್ಲೂ ಕೇಳಿದ್ದೇನೆ. ಅದು ಓವರ್ ಎಕ್ಸ್‌ಪೋಶರ್, ಬೆಳಕು ಜಾಸ್ತಿ ಆದದ್ದು. ಭದ್ರಾ ನಾಲೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೂಬು ಎಷ್ಟು ಹೊತ್ತು ಎತ್ತಿತ್ತು ಅನ್ನೋದು ಒಂದು, ಗದ್ದೆಗೆ ನೀರು ಜಾಸ್ತಿ ಆಯ್ತಾ ಅನ್ನೋದು ಇನ್ನೊಂದು. ತೂಬನ್ನು ಬೆರಳಷ್ಟೇ ಎತ್ತಿದ್ದರೆ ರಾತ್ರಿಯಿಡೀ ಬಿಟ್ಟರೂ ಗದ್ದೆ ತುಂಬಿ ಹರಿಯಲ್ಲ. ಕ್ಯಾಮೆರಾದಲ್ಲಿ ತೂಬು ಅಂದರೆ ಲೆನ್ಸಿನ ಕಿಂಡಿ, ಅದರ ಅಳತೆ ‘ಎಫ್’; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎಫ್ 4ರಲ್ಲಿ 5 ಸೆಕೆಂಡಿಗೆ ಬರುವಷ್ಟೇ ಬೆಳಕು ಎಫ್ 8ರಲ್ಲಿ 20 ಸೆಕೆಂಡಿಗೆ ಬರುತ್ತದೆ. ಹೊತ್ತು ನಾಲ್ಕು ಪಟ್ಟು, ಬೆಳಕು ಅಷ್ಟೇ.

ಫೋನಿನ ನೈಟ್ ಮೋಡೂ ಲಾಂಗ್ ಎಕ್ಸ್‌ಪೋಶರ್ ಅಲ್ಲ. ಅದು ಹಲವು ಫೋಟೋ ತೆಗೆದು, ಒಂದರ ಮೇಲೊಂದು ಕೂರಿಸಿ, ಅಲುಗಾಟವನ್ನು ಒರೆಸಿ ಹಾಕುತ್ತದೆ. ನಮಗೆ ಬೇಕಾಗಿರೋದೇ ಆ ಅಲುಗಾಟ.

ಚಿತ್ರದುರ್ಗದ ಹತ್ತಿರ ಹೆದ್ದಾರಿ 48ರ ಮೇಲಿನ ಸೇತುವೆಗೆ ಹೋಗಿ, ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟು ನೋಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಂಕಿ) 100, ಎಫ್ 11, 20 ಸೆಕೆಂಡ್. ಬರುವ ಕಡೆ ಬಿಳಿ ಗೆರೆ, ಹೋಗುವ ಕಡೆ ಕೆಂಪು ಗೆರೆ. ಅಷ್ಟು ದೊಡ್ಡ ಲಾರಿ ಎಲ್ಲೂ ಇಲ್ಲ, ಅದರ ದೀಪ ಮಾತ್ರ ಇದೆ. ದೂರದ ಗುಡ್ಡದ ಗಾಳಿಯಂತ್ರದ ಕೆಂಪು ದೀಪ ಇದ್ದಲ್ಲೇ ಚುಕ್ಕೆಯಾಗಿ ಕೂತಿರುತ್ತದೆ. ಇಷ್ಟೇ ಸೆಕೆಂಡ್ ದಾಟಿದರೆ ‘ಲಾಂಗ್’ ಅಂತ ಯಾರೂ ಗೆರೆ ಎಳೆದಿಲ್ಲ. ನನ್ನ ಮಟ್ಟಿಗೆ, ಓಡಾಡಿದ್ದರ ಜಾಡು ಚಿತ್ರದಲ್ಲಿ ಉಳಿದಿದ್ದರೆ ಲಾಂಗ್.

‘ಟ್ರೈಪಾಡ್ ಇಲ್ಲ, ರಿಮೋಟ್ ಇಲ್ಲ’ ಅನ್ನುವವರಿಗೆ: ಬೇಡ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳಿನ ಅದುರು ಚಿತ್ರಕ್ಕೆ ಬರಲ್ಲ. ಕ್ಯಾಮೆರಾದ ಕೊರಳಪಟ್ಟಿ ಬಿಚ್ಚಿಡಿ, ಗಾಳಿಗೆ ಅದು ಪಟಪಟ ಅಂದರೂ ಕೆಟ್ಟಿತು. ಕೆಳಗೆ ಎರಡು ಕೆಜಿ ಮೆಕ್ಕೆಜೋಳದ ಚೀಲ ಇಟ್ಟು, ನಡುವೆ ಗುಳಿ ಮಾಡಿ ಕ್ಯಾಮೆರಾ ಕೂರಿಸಿ. ಅಲ್ಲಾಡಲ್ಲ.

ದಾವಣಗೆರೆಯವನಾಗಿ ಒಮ್ಮೆ ಮಂಡಕ್ಕಿ ಚೀಲವನ್ನೂ ಇಟ್ಟು ನೋಡಿದೆ. ಮೂವತ್ತು ಸೆಕೆಂಡೂ ಕರಕರ ಅನ್ನುತ್ತ ಕುಸಿಯಿತು. ನಕ್ಷತ್ರಗಳೆಲ್ಲ ಆಕಾಶಕ್ಕೆ ಏಣಿ ಹಾಕಿದ ಹಾಗೆ ಸೊಟ್ಟ ಗೆರೆಗಳಾಗಿದ್ದವು. ಪದದ ಪ್ರಕಾರ ಅದೂ ಲಾಂಗ್ ಎಕ್ಸ್‌ಪೋಶರೇ.