ಕುಂಬಳಕಾಯಿ ಒಡೆದ ದಿನ ಎಷ್ಟು ದುಡ್ಡು ಉಳಿದಿತ್ತು?

ಕಳೆದ ತಿಂಗಳು ಒಂದೇ ವಾರದಲ್ಲಿ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಮೊದಲನೆಯವರು ಹಾಸನದ ಕಡೆಯ ಶುಂಠಿ ಬೆಳೆಗಾರರು. ಕುರ್ಚಿ ಎಳೆದು ಕೂತವರೇ, "ಸಾರ್, ದುಡ್ಡು ರೆಡಿ ಇದೆ. ಪ್ರೊಡ್ಯೂಸರ್ ಆಗ್ಬೇಕು" ಅಂದರು. ಎರಡು ದಿನ ಬಿಟ್ಟು ಮಂಡ್ಯದ ಒಬ್ಬ ಹುಡುಗ ಬಂದ. ಬಿ.ಕಾಂ. ಮಾಡಿಕೊಂಡು, ಮೂರು ಸಿನಿಮಾಗಳಲ್ಲಿ ಮ್ಯಾನೇಜರ್ ಕೈಕೆಳಗೆ ಓಡಾಡಿದ್ದಾನೆ. "ಅಣ್ಣ, ನಂಗೆ ಪ್ರೊಡಕ್ಷನ್ ಕೆಲ್ಸಾನೇ ಇಷ್ಟ. ಆದ್ರೆ ದುಡ್ಡಿಲ್ವಲ್ಲ, ಪ್ರೊಡ್ಯೂಸರ್ ಅಂತೂ ಆಗಕ್ಕಾಗಲ್ಲ ಬಿಡಿ" ಅಂದ.

ಒಬ್ಬರು ದುಡ್ಡಿದೆ ಅಂತ ಬಂದರು, ಇನ್ನೊಬ್ಬ ದುಡ್ಡಿಲ್ಲ ಅಂತ. ತಪ್ಪು ಮಾತ್ರ ಇಬ್ಬರದ್ದೂ ಒಂದೇ. ನಿರ್ಮಾಪಕ ಅಂದರೆ ದುಡ್ಡು ಹಾಕುವವನು ಅಂತ ಇಬ್ಬರೂ ನಂಬಿದ್ದಾರೆ. ಮೊದಲು ಮ್ಯಾನೇಜರ್ ಆಗಿ, ಆಮೇಲೆ ನಿರ್ಮಾಪಕರ ಪರವಾಗಿ ದಿನದಿನದ ಕೆಲಸ ನಡೆಸುವ ಕಾರ್ಯಕಾರಿ ನಿರ್ಮಾಪಕನಾಗಿ ಗಾಂಧಿನಗರದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಈ ಒಂದು ನಂಬಿಕೆಯಿಂದ ಸೈಟು ಕಳೆದುಕೊಂಡವರನ್ನು, ಊರಿಗೆ ಮುಖ ತೋರಿಸಲಾಗದೆ ಕೂತವರನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕಾನೂನನ್ನೇ ನೋಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನಿರ್ಮಾಪಕ ಯಾರು ಅನ್ನುವುದಕ್ಕೆ ಒಂದು ಸಾಲಿನ ಅರ್ಥ ಇದೆ. ಚಿತ್ರ ಮಾಡಲು ತಾನಾಗಿ ಮುಂದೆ ಬಂದು, ಅದರ ಹೊಣೆ ಹೊತ್ತವನು ನಿರ್ಮಾಪಕ. ಅಷ್ಟೇ. ಆ ಸಾಲಿನಲ್ಲಿ ದುಡ್ಡು ಅನ್ನುವ ಮಾತೇ ಇಲ್ಲ. ಅದೇ ಕಾಯ್ದೆ ಪ್ರಕಾರ ಸಿನಿಮಾದ ಕರ್ತೃ ಕೂಡ ನಿರ್ಮಾಪಕನೇ, ನಿರ್ದೇಶಕ ಅಲ್ಲ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆ ಹತ್ತುವುದೂ ನಿರ್ಮಾಪಕರೇ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಪದಕ ನಿರ್ಮಾಪಕ, ನಿರ್ದೇಶಕ ಇಬ್ಬರಿಗೂ ಸಿಗುತ್ತದೆ. ಸುಮ್ನೆ ಚೆಕ್ ಬರೆದಿದ್ದಕ್ಕೆ ಯಾರೂ ಇಷ್ಟು ಗೌರವ ಕೊಡುವುದಿಲ್ಲ, ಅಲ್ವಾ?

ಹಾಗಾದರೆ ದುಡ್ಡು ಕೊಡುವವರು ಯಾರು? ಅವರನ್ನು ನಾವು ಫೈನಾನ್ಶಿಯರ್ ಅನ್ನುತ್ತೇವೆ. ಫೈನಾನ್ಶಿಯರ್ ಬಡ್ಡಿ ಹಿಡಿದು ಕೊಡುತ್ತಾರೆ, ಪತ್ರ ಬರೆಸಿಕೊಳ್ಳುತ್ತಾರೆ. ಅವರ ಬಾಕಿ ತೀರದೆ ಚಿತ್ರ ಬಿಡುಗಡೆಯಾಗುವುದು ಕಷ್ಟ. ಅಂದರೆ ಅವರ ದುಡ್ಡಿಗೆ ಬೇಲಿ ಇದೆ. ಈಗ ನಮ್ಮ ಹೊಸ ನಿರ್ಮಾಪಕರನ್ನು ನೋಡಿ. ಕಥೆ ಓದಿರುವುದಿಲ್ಲ, ಬಜೆಟ್ ನಿರ್ದೇಶಕರು ಬಾಯಲ್ಲಿ ಹೇಳಿದ್ದು, ಖರ್ಚಿನ ಲೆಕ್ಕ ಮ್ಯಾನೇಜರ್ ಹತ್ತಿರ. ಬಡ್ಡಿ ಇಲ್ಲ, ಪತ್ರ ಇಲ್ಲ. ಇವರು ನಿರ್ಮಾಪಕರೂ ಆಗಲಿಲ್ಲ, ಫೈನಾನ್ಶಿಯರೂ ಆಗಲಿಲ್ಲ. ಫೈನಾನ್ಶಿಯರ್‌ಗಿರುವ ಭದ್ರತೆ ಒಂದೂ ಇಲ್ಲದೆ, ಫೈನಾನ್ಶಿಯರ್‌ಗಿಂತ ಜಾಸ್ತಿ ದುಡ್ಡು ಹಾಕಿರುತ್ತಾರೆ. ಎದುರಿಗೆ ಕೂತು ಇದನ್ನು ಹೇಳಿದರೆ ತಲೆ ಆಡಿಸುತ್ತಾರೆ. ಮಾರನೆಯ ದಿನವೇ ನಾಯಕನಿಗೆ ಅಡ್ವಾನ್ಸ್ ಕೊಟ್ಟು ಬಂದಿರುತ್ತಾರೆ.

ಕೆಲವು ವರ್ಷದ ಹಿಂದೆ ಚಿತ್ರದುರ್ಗದ ಕಡೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಸಿನಿಮಾ ಶುರು ಮಾಡಿದರು. ತುಂಬಾ ಒಳ್ಳೆಯ ಮನುಷ್ಯ. ಯೂನಿಟ್‌ನವರಿಗೆಲ್ಲ ತಾವೇ ನಿಂತು ಊಟ ಬಡಿಸುತ್ತಿದ್ದರು. ಬಜೆಟ್ ಒಂದೂವರೆ ಕೋಟಿ, ಚಿತ್ರೀಕರಣ 35 ದಿನ. ದಿನಕ್ಕೆ ಸುಮಾರು ಎರಡು ಲಕ್ಷ. ಬಿಡುಗಡೆಗೆ ಅಂತ 35 ಲಕ್ಷ ಎತ್ತಿಡಿ ಎಂದು ನಾನು ಕಾಗದದಲ್ಲಿ ಬರೆದು ಕೊಟ್ಟಿದ್ದೆ. ಸಕಲೇಶಪುರದಲ್ಲಿ ಮಳೆ ಹಿಡಿಯಿತು. ನಾಯಕನ ಡೇಟ್ಸ್ ನಡುವೆ ಕೈಕೊಟ್ಟಿತು. ನಿರ್ದೇಶಕರು ಕ್ಲೈಮ್ಯಾಕ್ಸ್ ಎರಡು ಸಲ ತೆಗೆದರು. 35 ದಿನ 52 ಆಯಿತು.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ಜನರೇಟರ್ ಸದ್ದು, ಟಾರ್ಪಾಲಿನ ಮೇಲೆ ಮಳೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಸಿ ಎಲ್ಲರೂ ಸುಮ್ಮನೆ ಕೂತಿದ್ದೆವು. ಕಾಲ್‌ಶೀಟ್, ಅಂದರೆ ಒಂದು ಪಾಳಿಯ ಸಮಯ ದಾಟುತ್ತಿತ್ತು. ದಾಟಿದರೆ ಇಡೀ ಯೂನಿಟ್‌ಗೆ ಇನ್ನೊಂದು ಕಾಲ್‌ಶೀಟ್‌ನ ಬಾಟಾ, ಅಂದರೆ ಭತ್ಯೆ ಕೊಡಬೇಕು. "ಪ್ಯಾಕಪ್ ಹೇಳೋಣ್ವಾ ಯಜಮಾನ್ರೇ?" ಅಂದೆ. ಅವರು ನಿರ್ದೇಶಕರ ಕಡೆ ನೋಡಿದರು. ಆತ ಆಕಾಶ ನೋಡುತ್ತಿದ್ದ. "ಇರ್ಲಿ ಬಿಡಿ, ನಿಲ್ಲಬಹುದು" ಅಂದರು ನಮ್ಮ ಯಜಮಾನರು. ಮಳೆ ನಿಲ್ಲಲಿಲ್ಲ. ಆ ರಾತ್ರಿ ಒಂದು ಶಾಟೂ ಆಗಲಿಲ್ಲ, ಎರಡು ಕಾಲ್‌ಶೀಟ್ ಹೋಯಿತು. ಅವರ ಮೇಲೆ ನನಗೆ ಈಗಲೂ ಕೋಪ ಇಲ್ಲ. ನಿರ್ಧಾರ ತೆಗೆದುಕೊಳ್ಳಬೇಕಾದವರು ತಾವೇ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕೂಡ ಗಟ್ಟಿಯಾಗಿ ಹೇಳಲಿಲ್ಲ.

ಲೆಕ್ಕ ಹಾಕಿ. ಹದಿನೇಳು ದಿನ ಜಾಸ್ತಿ, ದಿನಕ್ಕೆ ಎರಡು ಲಕ್ಷ. 34 ಲಕ್ಷ. ಬಿಡುಗಡೆಗೆ ಎತ್ತಿಡಬೇಕಾದ ದುಡ್ಡೆಲ್ಲ ಸಕಲೇಶಪುರದ ಮಳೆಯಲ್ಲಿ ಹೋಯಿತು. ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ದಿನ ಎಲ್ಲರೂ ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಸಂಜೆ ನಾನು ಬ್ಯಾಂಕ್ ಖಾತೆ ನೋಡಿದೆ. ಒಂದು ಲಕ್ಷ ಚಿಲ್ಲರೆ ಇತ್ತು.

ಹೊಸಬರಿಗೆ ಅರ್ಥವಾಗದೆ ಇರುವುದು ಇದೇ. ಕುಂಬಳಕಾಯಿ ಒಡೆದರೆ ಸಿನಿಮಾ ಮುಗಿಯಿತು ಅಂದುಕೊಳ್ಳುತ್ತಾರೆ. ನಿರ್ಮಾಪಕನ ಕೆಲಸದಲ್ಲಿ ಅದು ಸರಿಸುಮಾರು ಅರ್ಧ ದಾರಿ. ಎಡಿಟಿಂಗ್, ಡಬ್ಬಿಂಗ್, ಸೌಂಡ್, ರೀರೆಕಾರ್ಡಿಂಗ್ (ಹಿನ್ನೆಲೆ ಸಂಗೀತ), ಕಲರ್, ಗ್ರಾಫಿಕ್ಸ್ ಆಗಬೇಕು. ಸೆನ್ಸಾರ್ ಆಗಬೇಕು. ಟ್ರೇಲರ್ ಬೇಕು, ಪೋಸ್ಟರ್ ಬೇಕು. ಥಿಯೇಟರ್‌ನಲ್ಲಿ ಚಿತ್ರ ಮೂಡಬೇಕಾದರೆ ಅದನ್ನು ಡಿಜಿಟಲ್ ರೂಪದಲ್ಲಿ ಥಿಯೇಟರ್‌ಗೆ ತಲುಪಿಸುವ ಕ್ಯೂಬ್, ಯುಎಫ್‌ಒ ಕಂಪನಿಗಳಿಗೂ ದುಡ್ಡು ಕಟ್ಟಬೇಕು. ಆ ದರ ಎಷ್ಟು ಭಾರ ಅಂದರೆ, 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಚಿತ್ರ ಬಿಡುಗಡೆ ಮಾಡುವುದನ್ನೇ ನಿಲ್ಲಿಸಿದ್ದರು. ಇನ್ನು ನಮ್ಮ ಕಡೆಯ ಎಷ್ಟೋ ಸಿಂಗಲ್ ಸ್ಕ್ರೀನ್‌ಗಳಲ್ಲಿ ವಾರದ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ಬಾಡಿಗೆ ಕೊಡಬೇಕು.

ವಾಪಸ್ ಬರುವ ದುಡ್ಡಿನ ಲೆಕ್ಕವನ್ನೂ ಒಮ್ಮೆ ಮಾಡೋಣ. ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್ ಇನ್ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಅದರೊಳಗೆ ಶೇಕಡಾ 18 ಜಿಎಸ್‌ಟಿ ಸೇರಿದೆ. ತೆಗೆದರೆ ಉಳಿಯುವುದು 169 ರೂಪಾಯಿ ಚಿಲ್ಲರೆ. ಮೊದಲ ವಾರ ಅದರಲ್ಲಿ ಅರ್ಧ ನಮ್ಮದು ಅಂದುಕೊಳ್ಳೋಣ, 84. ಎರಡನೆಯ ವಾರದಿಂದ ಪಾಲು ಇಳಿಯುತ್ತಾ ಹೋಗುತ್ತದೆ. ಹಂಚಿಕೆದಾರರ ಕಮಿಷನ್ ಕಳೆದರೆ ಕೈಗೆ ಎಪ್ಪತ್ತೈದರ ಆಸುಪಾಸು. ಒಪ್ಪಂದದ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ನನ್ನ ಅಂಕಿಯನ್ನೇ ಹಿಡಿದುಕೊಂಡು ಹೋಗಬೇಡಿ. ಆದರೂ ನೋಡಿ, ಒಂದೂವರೆ ಕೋಟಿ ಥಿಯೇಟರ್‌ನಿಂದಲೇ ಬರಬೇಕಾದರೆ ಎರಡು ಲಕ್ಷ ಜನ ಟಿಕೆಟ್ ಕೊಳ್ಳಬೇಕು. ಸಾವಿರ ಸೀಟಿನ ಥಿಯೇಟರ್‌ನಲ್ಲಿ ದಿನಕ್ಕೆ ನಾಲ್ಕು ಆಟ, ಐವತ್ತು ದಿನ ಬಿಡದೆ ಹೌಸ್‌ಫುಲ್ ಆಗುವಷ್ಟು ಜನ. ಒಂದೇ ಶುಕ್ರವಾರ ಏಳೆಂಟು ಕನ್ನಡ ಚಿತ್ರ ಬರುವ ಕಾಲದಲ್ಲಿ, ಪ್ರಚಾರಕ್ಕೆ ದುಡ್ಡಿಲ್ಲದೆ, ಈ ಎರಡು ಲಕ್ಷ ಜನಕ್ಕೆ ನಿಮ್ಮ ಸಿನಿಮಾ ಬಂದಿದೆ ಅಂತ ಹೇಳುವವರು ಯಾರು? ಟಿವಿ, ಓಟಿಟಿ ಹಕ್ಕು ಇದೆಯಲ್ಲ ಅನ್ನುತ್ತಾರೆ. ಇದೆ. ಆದರೆ ಕೊಳ್ಳುವವರು ಮೊದಲು ಥಿಯೇಟರ್‌ನಲ್ಲಿ ಹೇಗೆ ಓಡಿತು ಅಂತಲೇ ಕೇಳುತ್ತಾರೆ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ಒಂದು ಷರತ್ತು ಹಾಕುತ್ತೇನೆ. ಒಟ್ಟು ದುಡ್ಡಿನ ಮೂರನೇ ಒಂದು ಭಾಗ ಬೇರೆ ಬ್ಯಾಂಕ್ ಖಾತೆಯಲ್ಲಿರಬೇಕು. ಅದರ ಚೆಕ್ ಪುಸ್ತಕ ಸೆಟ್‌ಗೆ ಬರಬಾರದು. ಎಷ್ಟೇ ಮಳೆ ಬರಲಿ, ನಿರ್ದೇಶಕರು ಎಷ್ಟೇ ಕಣ್ಣೀರು ಹಾಕಲಿ, ಕುಂಬಳಕಾಯಿ ಒಡೆಯುವ ತನಕ ಅದನ್ನು ಮುಟ್ಟುವಂತಿಲ್ಲ. ಉಳಿದ ಎರಡು ಭಾಗದಲ್ಲಿ ತೆಗೆಯಲಾಗದ ಕಥೆಯಾದರೆ ಕಥೆಯನ್ನು ಚಿಕ್ಕದು ಮಾಡಿ, ಇಲ್ಲವೇ ಬೇರೆ ಕಥೆ ಹುಡುಕಿ.

ಕಾಗದಪತ್ರದ ಬಗ್ಗೆ ಒಂದೇ ಮಾತು. ಬಾಕಿಯದನ್ನು ವಕೀಲರನ್ನೇ ಕೇಳಿ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸಿದ ಮಾತ್ರಕ್ಕೆ ಕಥೆಯ ಹಕ್ಕು ನಿಮ್ಮದಾಗುವುದಿಲ್ಲ. ಕಥೆಗಾರರ ಹತ್ತಿರ ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಂಡು ನೆಮ್ಮದಿಯಾಗಿ ಇರುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಷ್ಟು ವರ್ಷಕ್ಕೆ ಹಕ್ಕು ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಭಾವಿಸುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈನಲ್ಲಿ, ಅಮೆರಿಕದಲ್ಲಿ ಕನ್ನಡದವರು ಟಿಕೆಟ್ ಕೊಂಡು ನೋಡುವ ಈ ಕಾಲದಲ್ಲಿ ಆ ಎರಡು ಸಾಲು ಬಿಟ್ಟರೆ ನಷ್ಟ ಯಾರದು ಹೇಳಿ.

ಇದೆಲ್ಲ ಇವತ್ತಿನ ಕಷ್ಟ ಅಂದುಕೊಳ್ಳಬೇಡಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ನಿರ್ಮಾಪಕರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ನಾಟಕದ ಕಲಾವಿದರನ್ನು ಒಪ್ಪಿಸಿ, ಅಷ್ಟು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಊಟ ವಸತಿ ನೋಡಿ, ಚಿತ್ರ ಮುಗಿಸಿ ತರುವ ಕೆಲಸವನ್ನು ಬರೀ ದುಡ್ಡು ಮಾಡುವುದಿಲ್ಲ.

ಪಾರ್ವತಮ್ಮ ರಾಜಕುಮಾರ್ ಅವರನ್ನು ನೆನೆಸಿಕೊಂಡರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ. 1975ರ 'ತ್ರಿಮೂರ್ತಿ'ಯಿಂದ ಶುರುವಾಗಿ ಎಂಬತ್ತರಷ್ಟು ಚಿತ್ರಗಳ ಹಿಂದೆ ನಿಂತರು. ಕಥೆಯ ಆಯ್ಕೆಯಲ್ಲಿ ಅವರ ಮಾತಿತ್ತು. ಸುಧಾರಾಣಿ, ಮಾಲಾಶ್ರೀ, ಪ್ರೇಮಾ ಅವರಂಥ ನಾಯಕಿಯರನ್ನು ಪರಿಚಯಿಸಿದರು. ಹಂಚಿಕೆಯನ್ನೂ ನೋಡಿಕೊಂಡರು. ರಾಜಕುಮಾರ್ ಅವರ ಹೆಸರಿತ್ತು ನಿಜ. ಆ ಹೆಸರಿದ್ದೂ ಇಷ್ಟು ಕೆಲಸ ಮಾಡಿದರು ಅನ್ನುವುದನ್ನು ನೋಡಿ. ದುಡ್ಡಿನ ದಾರಿಯೂ ಒಂದೇ ಅಲ್ಲ. 2013ರ 'ಲೂಸಿಯಾ' ಚಿತ್ರಕ್ಕೆ ನೂರಕ್ಕೂ ಹೆಚ್ಚು ಜನ ಸಾಮಾನ್ಯರು ಸೇರಿ ದುಡ್ಡು ಹಾಕಿದ್ದರು. ಅಷ್ಟು ಜನ ಕೊಟ್ಟರೂ ಸಿನಿಮಾ ಮಾಡಿ ಮುಗಿಸುವ ಹೊಣೆ ಯಾರಾದರೂ ಹೊರಲೇಬೇಕಲ್ಲ.

ಈಗ ಆ ಮಂಡ್ಯದ ಹುಡುಗನಿಗೆ. ಅವನಂಥವರು ತುಂಬಾ ಜನ ಇದ್ದಾರೆ, ಅವರನ್ನು ಕಂಡರೆ ನನಗೆ ಅಕ್ಕರೆ. ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯಲ್ಲಿ ನಿರ್ಮಾಣವನ್ನೇ ವಿಷಯವಾಗಿ ಕಲಿಸುತ್ತಾರೆ. ಸೀಟು ಸಿಕ್ಕರೆ ಹೋಗಿ, ಒಳ್ಳೆಯದೇ. ನಮ್ಮಲ್ಲಿ ಹೆಚ್ಚಿನವರು ಸೆಟ್‌ನಲ್ಲೇ ಕಲಿತವರು. ಮೊದಲು ಸೆಟ್‌ನಲ್ಲಿ ಟೀ, ಊಟ ಕೊಡುವ ಪ್ರೊಡಕ್ಷನ್ ಹುಡುಗ. ಆಮೇಲೆ ಮ್ಯಾನೇಜರ್‌ಗೆ ಸಹಾಯಕ, ಆಮೇಲೆ ಮ್ಯಾನೇಜರ್. ಅಲ್ಲಿಂದ ಕಾರ್ಯಕಾರಿ ನಿರ್ಮಾಪಕ ಆಗಲು ಎಷ್ಟು ವರ್ಷ ಅಂತ ಹೇಳಲಾರೆ. ಕೆಲವರಿಗೆ ಆರು, ಕೆಲವರಿಗೆ ಹದಿನೈದು, ಕೆಲವರು ಮ್ಯಾನೇಜರ್ ಆಗಿಯೇ ಚೆನ್ನಾಗಿರುತ್ತಾರೆ.

ನನ್ನ ಜೊತೆ ಒಬ್ಬ ಹುಡುಗ ಟೀ ಕೊಡುತ್ತಿದ್ದ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ಕು. ಯಾರಿಗೆ ಸಕ್ಕರೆ ಬೇಡ ಅಂತ ಬರೆದುಕೊಳ್ಳುತ್ತಾನೆ ಅಂದುಕೊಂಡಿದ್ದೆ. ಒಂದು ದಿನ ಕೇಳಿ ನೋಡಿದೆ. ಪ್ರತಿ ದಿನ ಮೊದಲ ಶಾಟ್ ಎಷ್ಟು ಗಂಟೆಗೆ ಆಯಿತು, ಊಟದ ನಂತರ ಮತ್ತೆ ಶುರುವಾಗಲು ಎಷ್ಟು ಹೊತ್ತು ಹಿಡಿಯಿತು, ಯಾರಿಗಾಗಿ ಕಾದೆವು, ಎಲ್ಲ ಬರೆದಿದ್ದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಇವತ್ತು ಅವನು ಎರಡು ಚಿತ್ರಗಳ ನಿರ್ಮಾಪಕ. ಕೈಯಿಂದ ಹಾಕಿದ ದುಡ್ಡು ತೀರಾ ಕಡಿಮೆ. ಉಳಿದದ್ದು ಇವನ ಲೆಕ್ಕ ನೋಡಿ ನಂಬಿದವರು ಕೊಟ್ಟದ್ದು.

ಮಂಡ್ಯದ ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಶುಂಠಿ ಯಜಮಾನರನ್ನು ಒಪ್ಪಿಸಿ, ಅವರು ತಂದಿದ್ದ ಸ್ಕ್ರಿಪ್ಟ್ ಅವನ ಕೈಗಿಟ್ಟೆ. ದೃಶ್ಯ ದೃಶ್ಯವಾಗಿ ಬಿಡಿಸಿ, ಎಷ್ಟು ದಿನ, ಎಷ್ಟು ಜಾಗ, ಎಷ್ಟು ಖರ್ಚು ಅಂತ ಬರೆದು ತಾ ಅಂದೆ. ಹತ್ತು ದಿನಕ್ಕೆ ಹನ್ನೊಂದು ಪುಟ ಬರೆದು ತಂದ. ದಿನಗಳ ಲೆಕ್ಕದಲ್ಲಿ ತಪ್ಪಿತ್ತು, ತಿದ್ದಿದೆ. ಆದರೆ ಮೂರು ದೃಶ್ಯಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಆನೆ, ಅನುಮತಿ?" ಅಂತ ಬರೆದಿದ್ದ. ಪ್ರಾಣಿ ಬಳಸುವುದಾದರೆ ಚಿತ್ರೀಕರಣಕ್ಕೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಆ ಕಾಗದ ಇಲ್ಲದೆ ಸೆನ್ಸಾರ್ ಹತ್ತಿರ ಹೋದರೆ ಚಿತ್ರ ಅಲ್ಲೇ ನಿಲ್ಲುತ್ತದೆ. ನಿರ್ದೇಶಕರು ಈ ವಿಷಯವನ್ನೇ ಎತ್ತಿರಲಿಲ್ಲ.

ಮೊನ್ನೆ ಇಬ್ಬರನ್ನೂ ಕೂರಿಸಿಕೊಂಡೆ. ಯಜಮಾನರು ಕನ್ನಡಕ ಹಾಕಿಕೊಂಡು ಹನ್ನೊಂದು ಪುಟವನ್ನೂ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು, ಟೀ ಆರಿಹೋಯಿತು. ಕೆಂಪು ಶಾಯಿ ಇದ್ದ ಪುಟಕ್ಕೆ ಮತ್ತೆ ತಿರುಗಿ, ಹುಡುಗನನ್ನೇ ಕೇಳಿದರು: "ಅಲ್ಲ ಕಣಪ್ಪ, ಈ ಆನೆ ಇಲ್ದೇ ಹೋದ್ರೆ ಕಥೆ ನಿಲ್ಲುತ್ತಾ?"

ಹುಡುಗ ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ. "ಎರಡು ಕಡೆ ಇಲ್ದಿದ್ರೂ ನಡೆಯುತ್ತೆ ಸಾರ್, ಒಂದು ಕಡೆ ಬೇಕೇ ಬೇಕು" ಅಂದ.

ಸೋಮವಾರ ಬೆಳಿಗ್ಗೆ ನಿರ್ದೇಶಕರನ್ನು ಕರೆಸಿದ್ದೇವೆ. ಅಡ್ವಾನ್ಸ್ ಇನ್ನೂ ಯಾರಿಗೂ ಕೊಟ್ಟಿಲ್ಲ.